ಹಕ್ಕಿಗಳ ಜಾಡಿನಲ್ಲಿ ಸಲೀಂ ಅಲಿ

ಇಪ್ಪತ್ತನೆಯ ಶತಮಾನದ ಮೊದಲ ದಶಕದ ಮಾತು. ಮುಂಬಯಿ ನಗರದ ಖೇತವಾಡಿಯ ಒಂದು ದೊಡ್ಡ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗನೊಬ್ಬನಿಗೆ ಅವನ ಸೋದರಮಾವ ಒಂದು ಆಟದ ಗಾಳಿ ಬಂದೂಕನ್ನು ಕೊಡಿಸಿದ್ದರು. ಬೇಟೆ ಆ ಕಾಲದ ಸಿರಿವಂತ ಮನೆತನಗಳಲ್ಲಿ ಗೌರವದ ಹವ್ಯಾಸವಾಗಿತ್ತು. ಹುಡುಗನಿಗೂ ದೊಡ್ಡ ಬೇಟೆಗಾರನಾಗುವ ಆಸೆ. ಹುಲಿ ಚಿರತೆಗಳು ಕೈಗೆ ಸಿಗುವವರೆಗೆ ಗುಬ್ಬಚ್ಚಿಗಳೇ ಗುರಿ. ಒಂದು ದಿನ ಅವನು ಹೊಡೆದುರುಳಿಸಿದ ಗುಬ್ಬಿ ಉಳಿದವುಗಳಂತೆ ಇರಲಿಲ್ಲ. ಅದರ ಕೊರಳಿನ ಮೇಲೆ ಅರಿಸಿನ ಚೆಲ್ಲಿದಂತೆ ಒಂದು ಹಳದಿ ಕಲೆಯಿತ್ತು. ಇದನ್ನು ತಿನ್ನಬಹುದೋ ಬಾರದೋ ಎಂಬ ಸಂದೇಹ ಹುಟ್ಟಿ ಹುಡುಗ ಅದನ್ನು ಮಾವನ ಬಳಿಗೆ ಒಯ್ದ. ಮಾವನಿಗೂ ಅದು ಯಾವ ಹಕ್ಕಿ ಎಂಬುದು ತಿಳಿಯಲಿಲ್ಲ. ಅವರು ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಸದಸ್ಯರಾಗಿದ್ದರು. ಆ ಸಂಘದ ಕಾರ್ಯದರ್ಶಿಗೆ ಒಂದು ಪರಿಚಯ ಪತ್ರ ಬರೆದು ಹುಡುಗನ ಕೈಗೆ ಕೊಟ್ಟು, ಹಕ್ಕಿಯ ಸಮೇತ ಅಲ್ಲಿಗೆ ಕಳುಹಿಸಿದರು. ಆ ಹುಡುಗನೇ ಮುಂದೆ ಭಾರತದ ಪಕ್ಷಿವಿಜ್ಞಾನದ ಹಿರಿಯರೆನಿಸಿದ ಸಲೀಂ ಅಲಿ.

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿಯವರು 1896ನೆಯ ನವೆಂಬರ್ 12ರಂದು ಮುಂಬಯಿಯಲ್ಲಿ, ಸುಲೈಮಾನಿ ಬೋಹ್ರಾ ಪಂಗಡದ ಮುಸ್ಲಿಂ ಕುಟುಂಬದಲ್ಲಿ ಜನಿಸಿದರು. ಒಡಹುಟ್ಟಿದವರಲ್ಲೆಲ್ಲ ಇವರೇ ಕಿರಿಯರು. ವರ್ಷ ತುಂಬುವಷ್ಟರಲ್ಲಿ ತಂದೆಯನ್ನೂ, ಮೂರನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳೆದುಕೊಂಡರು. ತಬ್ಬಲಿಗಳಾದ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ತಮ್ಮ ಮಕ್ಕಳೆಂದೇ ಭಾವಿಸಿ ಸಾಕಿದರು. ಆ ದಂಪತಿಗಳಿಗೆ ಮಕ್ಕಳಿರಲಿಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಅಬ್ಬಾಸ್ ತ್ಯಾಬ್ಜಿಯವರೂ ಇದೇ ಬಳಗಕ್ಕೆ ಸೇರಿದವರು.

ಅಂದು ನಿಸರ್ಗ ಚರಿತ್ರೆ ಸಂಘದ ಕಾರ್ಯದರ್ಶಿಯಾಗಿದ್ದವರು ಡಬ್ಲ್ಯು. ಎಸ್. ಮಿಲ್ಲರ್ಡ್ ಎಂಬ ಆಂಗ್ಲರು. ಆಂಗ್ಲರ ಕಚೇರಿಯೊಂದರೊಳಕ್ಕೆ ಕಾಲಿಡಲು ಅಂದಿನ ಭಾರತೀಯ ಬಾಲಕನಿಗೆ ಎಷ್ಟು ಅಳುಕಾಗಿರಬೇಕೆಂಬುದನ್ನು ಇಂದು ಊಹಿಸುವುದು ಕಷ್ಟ. ಆದರೆ ಮಿಲ್ಲರ್ಡರು ಹುಡುಗನನ್ನು ಆದರದಿಂದ ಬರಮಾಡಿಕೊಂಡರು. ಹಕ್ಕಿಯನ್ನು ನೋಡಿದೊಡನೆಯೇ ಅದು ಹಳದಿ ಕೊರಳಿನ ಗುಬ್ಬಿ ಎಂದು ಗುರುತಿಸಿದರು. ಅಷ್ಟಕ್ಕೇ ನಿಲ್ಲಿಸದೆ ಬೀರುಗಳ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು, ತೊಗಲು ಸುಲಿದು ಹತ್ತಿ ತುಂಬಿ ಇರಿಸಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಹಕ್ಕಿಯ ತೊಗಲನ್ನು ಕೆಡದಂತೆ ಸುಲಿದು ಕಾಪಿಡುವ ಕೆಲಸವನ್ನು ಕಲಿಯಲು ಏರ್ಪಾಡು ಮಾಡಿದರು. ಗುಬ್ಬಿಯೆಂದರೆ ಒಂದೇ ಗುಬ್ಬಿ ಎಂದು ತಿಳಿದಿದ್ದ ಬಾಲಕನ ಮುಂದೆ ಒಂದು ಲೋಕವೇ ತೆರೆದುಕೊಂಡಿತು. ಕಾರ್ಯಭಾರದ ನಡುವೆ ಒಬ್ಬ ಹಿರಿಯರು ಒಬ್ಬ ಅಪರಿಚಿತ ಹುಡುಗನಿಗಾಗಿ ವ್ಯಯಿಸಿದ ಆ ಒಂದೆರಡು ಗಂಟೆಗಳಿಂದ ಈ ದೇಶಕ್ಕೆ ಎಷ್ಟು ಲಾಭವಾಯಿತೆಂಬುದನ್ನು ಲೆಕ್ಕ ಹಾಕಲಾಗದು.

ಆ ದಿನಗಳಲ್ಲೇ ಹುಡುಗನು ಬರೆದಿಟ್ಟ ಒಂದು ಟಿಪ್ಪಣಿ ಸ್ವಾರಸ್ಯಕರವಾಗಿದೆ. ಲಾಯದ ಗೋಡೆಯ ಬಿಲದಲ್ಲಿ ಗುಬ್ಬಿಗಳು ಗೂಡು ಕಟ್ಟಿದ್ದವು. ಹೆಣ್ಣು ಒಳಗೆ ಮೊಟ್ಟೆಗಳ ಮೇಲೆ ಕುಳಿತಿತ್ತು, ಗಂಡು ಹೊರಗೆ ಮೊಳೆಯ ಮೇಲೆ ಕಾವಲಿತ್ತು. ಹುಡುಗ ಕಾವಲಿನ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಅದೇ ಜಾಗದಲ್ಲಿ ಇನ್ನೊಂದು ಗಂಡು ಬಂದು ಕುಳಿತಿತು. ಅದನ್ನೂ ಹೊಡೆದ. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗಳು ಬಲಿಯಾದವು. ಒಂದು ಸತ್ತಂತೆಲ್ಲ ಇನ್ನೊಂದು ಆ ಹೆಣ್ಣಿನ ಜೊತೆಗಾರನಾಗಿ ಬರುತ್ತಲೇ ಇತ್ತು. ಓದುವವರಿಗೆ ಇದು ಕ್ರೌರ್ಯವೆಂದು ತೋರುವುದು ಸಹಜ, ಕ್ರೌರ್ಯವೂ ಹೌದು. ಆದರೆ ಹೊಡೆದ ಹಕ್ಕಿಗಳ ಲೆಕ್ಕವಿಡುವ ಹುಡುಗರು ಬಹಳ ಮಂದಿ. ಹೊಡೆದ ಮೇಲೆ ಏನಾಯಿತೆಂಬುದನ್ನು ಗಮನಿಸಿ ಬರೆದಿಡುವವರು ವಿರಳ. ಸುಮಾರು ಅರುವತ್ತು ವರ್ಷಗಳ ತರುವಾಯ ಈ ಟಿಪ್ಪಣಿ ಪಕ್ಷಿವೀಕ್ಷಕರ ಪತ್ರಿಕೆಯೊಂದರಲ್ಲಿ ಹಾಗೆಯೇ ಅಚ್ಚಾಯಿತು.

ಶಾಲೆಯ ಪಾಠಗಳಲ್ಲಿ ಸಲೀಂ ಅಲಿಯವರು ಮುಂದಿದ್ದವರಲ್ಲ. ಹದಿಮೂರನೆಯ ವಯಸ್ಸಿನಿಂದ ಬಿಡದೆ ಕಾಡಿದ ತಲೆನೋವಿನಿಂದಾಗಿ ಓದು ಪದೇ ಪದೇ ನಿಲ್ಲುತ್ತಿತ್ತು. ಒಣ ಹವೆಯಿಂದ ಗುಣವಾದೀತೆಂದು ಅವರನ್ನು ಸಿಂಧ್ ಪ್ರಾಂತಕ್ಕೆ ಕಳುಹಿಸಿದ್ದೂ ಉಂಟು. 1913ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಹೇಗೋ ತೇರ್ಗಡೆಯಾದರು. ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ ಒಂದು ವರ್ಷ ತಿಣುಕಾಡಿ ಬಿಟ್ಟರು. ಬಂಧುಗಳ ಟಂಗ್‌ಸ್ಟನ್ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾ ದೇಶದ ತವಾಯ್ ಪ್ರದೇಶಕ್ಕೆ ತೆರಳಿದರು. ಆದರೆ ತವಾಯಿಯ ಸುತ್ತ ದಟ್ಟವಾದ ಅರಣ್ಯವಿತ್ತು, ಆ ಅರಣ್ಯದ ತುಂಬ ಹಕ್ಕಿಗಳಿದ್ದವು. ವ್ಯಾಪಾರದ ಗತಿ ಏನಾಗಿರಬಹುದೆಂಬುದನ್ನು ಹೇಳಬೇಕಾಗಿಲ್ಲ.

1917ರಲ್ಲಿ ಮುಂಬಯಿಗೆ ಹಿಂದಿರುಗಿ ದಾವರ್ ವಾಣಿಜ್ಯ ಕಾಲೇಜಿನಲ್ಲಿ ಲೆಕ್ಕಪತ್ರ ಮತ್ತು ವಾಣಿಜ್ಯ ಕಾನೂನನ್ನು ಓದತೊಡಗಿದರು. ಅವರ ನಿಜವಾದ ಒಲವನ್ನು ಕಂಡುಕೊಂಡವರು ಸೇಂಟ್ ಝೇವಿಯರ್ ಕಾಲೇಜಿನ ಫಾದರ್ ಎಥೆಲ್‌ಬರ್ಟ್ ಬ್ಲಾಟರ್. ಇವರ ಒತ್ತಾಯದಿಂದ ಸಲೀಂ ಅಲಿಯವರು ಪ್ರಾಣಿಶಾಸ್ತ್ರದ ತರಗತಿಗಳಿಗೂ ಹೋಗಿ ಆ ವ್ಯಾಸಂಗವನ್ನು ಮುಗಿಸಿದರು. ಆದರೆ ವಿಶ್ವವಿದ್ಯಾನಿಲಯದ ಪದವಿ ಮಾತ್ರ ಕೈಗೂಡಲಿಲ್ಲ. 1918ರಲ್ಲಿ ದೂರದ ಬಂಧುವಾದ ತೆಹಮೀನಾ ಬೇಗಂ ಅವರೊಡನೆ ವಿವಾಹವಾಯಿತು.

ಪದವಿಯಿಲ್ಲದ ಕೊರತೆ ಅವರನ್ನು ಬಹುಕಾಲ ಕಾಡಿತು. ಭಾರತದ ಪ್ರಾಣಿವಿಜ್ಞಾನ ಸರ್ವೇಕ್ಷಣಾ ಇಲಾಖೆಯಲ್ಲಿ ಪಕ್ಷಿತಜ್ಞನ ಹುದ್ದೆ ದೊರೆಯದೆ ಹೋದುದಕ್ಕೆ ಅದೇ ಕಾರಣ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ನಿಸರ್ಗ ಚರಿತ್ರೆಯ ವಿಭಾಗ ಹೊಸದಾಗಿ ತೆರೆದಾಗ ಮಾರ್ಗದರ್ಶಕ ಉಪನ್ಯಾಸಕರ ಕೆಲಸ ದೊರೆಯಿತು. ಸಂಬಳ ತಿಂಗಳಿಗೆ 350 ರೂಪಾಯಿ. ಆ ಕಾಲಕ್ಕೆ ಅದು ಒಳ್ಳೆಯ ಸಂಬಳವೇ. ಎರಡು ವರ್ಷ ದುಡಿದ ಮೇಲೆ ಈ ಕೆಲಸದಲ್ಲಿ ತಮ್ಮ ತಿಳಿವಳಿಕೆ ಸಾಲದೆಂದು ಅವರಿಗೆ ಅನ್ನಿಸಿತು. 1928ರಲ್ಲಿ ರಜೆ ಪಡೆದು ಜರ್ಮನಿಗೆ ಹೋದರು. ಬರ್ಲಿನ್ನಿನ ವಿಶ್ವವಿದ್ಯಾನಿಲಯದ ಪ್ರಾಣಿ ಸಂಗ್ರಹಾಲಯದಲ್ಲಿದ್ದ ಎರ್ವಿನ್ ಸ್ಟ್ರೆಸೆಮಾನ್ ಎಂಬ ವಿದ್ವಾಂಸರು ಈ ಪದವಿರಹಿತ ಭಾರತೀಯನನ್ನು ಶಿಷ್ಯನಾಗಿ ಸ್ವೀಕರಿಸಿದರು. ಸಲೀಂ ಅಲಿಯವರು ಕೊನೆಯವರೆಗೂ ತಮ್ಮ ಗುರುವೆಂದು ನೆನೆಯುತ್ತಿದ್ದುದು ಅವರನ್ನೇ. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ದಾರಿಯನ್ನು ಅರಿಯುವ ವಿಧಾನವನ್ನು ಅವರು ಕಂಡುಕೊಂಡದ್ದೂ ಜರ್ಮನಿಯ ಹೆಲಿಗೋಲೆಂಡ್ ದ್ವೀಪದಲ್ಲಿ.

1930ರಲ್ಲಿ ಊರಿಗೆ ಹಿಂದಿರುಗಿದಾಗ ಕೆಟ್ಟ ಸುದ್ದಿ ಕಾದಿತ್ತು. ಹಣದ ಅಭಾವದಿಂದ ಅವರ ಹುದ್ದೆಯನ್ನೇ ರದ್ದುಪಡಿಸಲಾಗಿತ್ತು. ಮೂವತ್ತನಾಲ್ಕರ ಹರಯ, ಕೈಯಲ್ಲಿ ಉದ್ಯೋಗವಿಲ್ಲ. ಮುಂಬಯಿಯ ಜೀವನ ದುಬಾರಿಯಾದ್ದರಿಂದ ದಂಪತಿಗಳು ಅಲಿಬಾಗಿನ ಬಳಿಯ ಕೀಹಿಂ ಎಂಬ ಕಡಲತೀರದ ಹಳ್ಳಿಗೆ ಹೋಗಿ ನೆಲೆಸಿದರು. ಬೇರೆ ಯಾರಾದರೂ ಆಗಿದ್ದರೆ ಇದನ್ನು ಸೋಲೆಂದೇ ಬಗೆಯುತ್ತಿದ್ದರು. ಆದರೆ ಅದು ಮಳೆಗಾಲ. ಮನೆಯ ಹತ್ತಿರ ಗೀಜಗಗಳು ಗೂಡು ಹೆಣೆಯತೊಡಗಿದ್ದವು.

ಗೀಜಗನ ಗೂಡನ್ನು ನೋಡದ ಹಳ್ಳಿಗರಿಲ್ಲ. ಅದರ ಕುಶಲತೆಗೆ ಬೆರಗಾಗದವರಿಲ್ಲ. ಒಳಗೆ ಅಂಟಿಸಿದ ಹಸಿ ಮಣ್ಣಿನಲ್ಲಿ ಮಿಣುಕುಹುಳುಗಳನ್ನು ಸಿಕ್ಕಿಸಿ ಅದು ರಾತ್ರಿ ದೀಪ ಬೆಳಗಿಸಿಕೊಳ್ಳುವುದೆಂಬ ಕಥೆಯೂ ಉಂಟು. ಕಥೆ ಸೊಗಸಾಗಿದೆ, ನಿಜವಲ್ಲ. ಆದರೆ ನಿಜ ಸಂಗತಿ ಕಥೆಗಿಂತ ಕಡಿಮೆ ಸೊಗಸಿನದಲ್ಲ. ಒಂದೇ ಮರದಲ್ಲಿ ಪೂರ್ಣವಾದ ಗೂಡುಗಳ ಪಕ್ಕದಲ್ಲಿ ಅರ್ಧಕ್ಕೆ ನಿಂತ ಗೂಡುಗಳೂ ತೂಗುತ್ತಿರುವುದೇಕೆ? ಸಲೀಂ ಅಲಿಯವರು ದಿನವೂ ಗಂಟೆಗಟ್ಟಲೆ ಕುಳಿತು, ಪ್ರತಿಯೊಂದು ಗೂಡಿನಲ್ಲೂ ನಡೆಯುತ್ತಿದ್ದುದನ್ನು ಬರೆದುಕೊಂಡರು. ಗೂಡು ಕಟ್ಟುವ ಕೆಲಸವೆಲ್ಲ ಗಂಡಿನದು. ಗೂಡು ಅರ್ಧವಾದಾಗ ಹೆಣ್ಣುಗಳು ಬಂದು ಒಳಹೊಕ್ಕು, ಎಳೆದು ಜಗ್ಗಿ ಪರೀಕ್ಷಿಸುತ್ತವೆ. ಹೆಣ್ಣು ಒಪ್ಪಿದರೆ ಗಂಡು ಅದನ್ನು ಪೂರ್ಣಗೊಳಿಸಿ, ಕೆಳಕ್ಕೆ ಇಳಿಬಿದ್ದ ನಳಿಕೆಯಂತಹ ಬಾಗಿಲನ್ನೂ ಹೆಣೆಯುತ್ತದೆ. ಒಪ್ಪದಿದ್ದರೆ ಆ ಗೂಡು ಅಲ್ಲಿಗೇ ನಿಲ್ಲುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕುಳಿತೊಡನೆ ಗಂಡು ಹತ್ತಿರದಲ್ಲೇ ಇನ್ನೊಂದು ಗೂಡಿಗೆ ಕೈಹಾಕಿ ಬೇರೊಂದು ಹೆಣ್ಣನ್ನು ಕರೆಯುತ್ತದೆ. ಹೀಗೆ ಒಂದೇ ಋತುವಿನಲ್ಲಿ ಒಂದಾದ ಮೇಲೊಂದು ಸಂಸಾರ ಹೂಡುವ ಗೀಜಗನ ಬಾಳಿನ ಕ್ರಮವನ್ನು ಅವರು ಮೊದಲಬಾರಿಗೆ ಸ್ಪಷ್ಟವಾಗಿ ವಿವರಿಸಿದರು. ಈ ಬರಹ 1931ರಲ್ಲಿ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗಿ ವಿದ್ವಾಂಸರ ಗಮನ ಸೆಳೆಯಿತು.

ಈ ಕೆಲಸದ ಮಹತ್ವವನ್ನು ತಿಳಿಯಲು ಅಂದಿನ ಪಕ್ಷಿಶಾಸ್ತ್ರದ ಸ್ಥಿತಿಯನ್ನು ನೆನೆಯಬೇಕು. ಹಕ್ಕಿಯನ್ನು ಕೊಲ್ಲುವುದು, ತೊಗಲು ಸುಲಿಯುವುದು, ರೆಕ್ಕೆ ಕೊಕ್ಕುಗಳನ್ನು ಅಳೆದು ಹೆಸರಿಡುವುದು, ಅಂದಿನ ಬಹುಪಾಲು ವಿದ್ವಾಂಸರ ಕೆಲಸ ಇಷ್ಟೇ ಆಗಿತ್ತು. ಇದು ಅನಗತ್ಯವೆಂದು ಸಲೀಂ ಅಲಿಯವರು ಎಂದೂ ಭಾವಿಸಲಿಲ್ಲ. ಯಾವ ಪ್ರದೇಶದಲ್ಲಿ ಯಾವ ಹಕ್ಕಿಯಿದೆ ಎಂಬುದನ್ನು ಖಚಿತವಾಗಿ ಹೇಳಬೇಕಾದರೆ ಮಾದರಿಗಳು ಬೇಕೆಂದು ಅವರೂ ಬಂದೂಕು ಹಿಡಿದರು. ಅಹಿಂಸೆಯ ಮಾತಾಡಿ ಕಾಡು ಕಡಿಯುವುದನ್ನು ಸಹಿಸಿಕೊಳ್ಳುವವರ ಬಗೆಗೆ ಅವರಿಗೆ ಗೌರವವಿರಲಿಲ್ಲ. ಆದರೆ ಸತ್ತ ಹಕ್ಕಿಗಿಂತ ಬದುಕಿರುವ ಹಕ್ಕಿಯೇ ಅವರಿಗೆ ದೊಡ್ಡ ಪ್ರಶ್ನೆ. ಅದು ಏನನ್ನು ತಿನ್ನುತ್ತದೆ, ಯಾವ ಮರವನ್ನು ಆಶ್ರಯಿಸುತ್ತದೆ, ಯಾವ ಹೂವಿನ ಪರಾಗವನ್ನು ಒಯ್ಯುತ್ತದೆ, ಯಾವ ಬೀಜವನ್ನು ಬಿತ್ತುತ್ತದೆ ಎಂಬುದನ್ನೆಲ್ಲ ಒಟ್ಟಾಗಿ ನೋಡಬೇಕೆಂಬುದು ಅವರ ಹಾದಿ. ಇಂದು ಪರಿಸರ ವಿಜ್ಞಾನವೆಂದು ಕರೆಯುವ ಶಾಸ್ತ್ರದ ಕಣ್ಣು ಅದು.

ಮುಂದಿನ ಹತ್ತು ವರ್ಷಗಳು ಅವರ ಬಾಳಿನ ಫಲವತ್ತಾದ ಕಾಲ. ದೇಶೀಯ ಸಂಸ್ಥಾನಗಳ ಹಕ್ಕಿಗಳನ್ನು ಕುರಿತು ಕ್ರಮವಾದ ಸಮೀಕ್ಷೆ ನಡೆದೇ ಇರಲಿಲ್ಲ. ಖರ್ಚನ್ನು ಸಂಸ್ಥಾನಗಳು ಕೊಟ್ಟರೆ ಸಾಕು, ತಮಗೆ ಸಂಬಳ ಬೇಡವೆಂದು ಹೇಳಿ ಅವರು ಈ ಕೆಲಸವನ್ನು ವಹಿಸಿಕೊಂಡರು. ಮೊದಲು ಹೈದರಾಬಾದು, ಆಮೇಲೆ ಕೊಚ್ಚಿ ಮತ್ತು ತಿರುವಾಂಕೂರು, ಹೀಗೆ ಒಂದೊಂದಾಗಿ ಸಂಸ್ಥಾನಗಳನ್ನು ಸುತ್ತಿದರು. ಕಾಡಿನ ನಡುವೆ ಡೇರೆ, ನಸುಕಿನಲ್ಲಿ ಸಂಗ್ರಹ, ಹಗಲೆಲ್ಲ ತೊಗಲು ಸುಲಿಯುವ ಕೆಲಸ, ರಾತ್ರಿ ಲಾಂದ್ರದ ಬೆಳಕಿನಲ್ಲಿ ಟಿಪ್ಪಣಿ. ಈ ಅಲೆದಾಟದಲ್ಲಿ ತೆಹಮೀನಾ ಅವರು ಪತಿಯ ಜೊತೆಗಿದ್ದು ಬಿಡಾರದ ಭಾರವನ್ನೆಲ್ಲ ಹೊತ್ತರು. ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿ ಕಾಣುವ ಹೊಂಬೆನ್ನಿನ ಮರಕುಟಿಗದ ಒಂದು ಉಪಜಾತಿಗೆ 1934ರಲ್ಲಿ ಹ್ಯೂ ವಿಸ್ಲರ್ ಮತ್ತು ಕಿನ್ನಿಯರ್ ಎಂಬ ವಿದ್ವಾಂಸರು ತೆಹಮೀನಾ ಅವರ ಹೆಸರನ್ನೇ ಇಟ್ಟರು.

1939ರಲ್ಲಿ, ಒಂದು ಸಣ್ಣ ಶಸ್ತ್ರಚಿಕಿತ್ಸೆಯ ಬಳಿಕ, ತೆಹಮೀನಾ ತೀರಿಕೊಂಡರು. ಸಲೀಂ ಅಲಿಯವರಿಗೆ ಮಕ್ಕಳಿರಲಿಲ್ಲ. ಅವರು ಮತ್ತೆ ಮದುವೆಯಾಗಲಿಲ್ಲ. ಮುಂಬಯಿಯಲ್ಲಿ ಅಕ್ಕ ಕಮೂ ಮತ್ತು ಭಾವನ ಮನೆಯೇ ಅವರ ಮನೆಯಾಯಿತು. ಬದುಕಿನ ಆಸರೆ ಕುಸಿದ ಆ ಹೊತ್ತಿನಲ್ಲಿ ಅವರು ಕೈಗೆತ್ತಿಕೊಂಡದ್ದು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ.

1939-40ರ ಈ ಸಮೀಕ್ಷೆಯಿಂದ ಕನ್ನಡ ನಾಡಿಗೆ ಆದ ಉಪಕಾರ ದೊಡ್ಡದು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನದಿಯಲ್ಲಿ ಕೆಲವು ಪುಟ್ಟ ನಡುಗಡ್ಡೆಗಳಿವೆ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದಾಗ ಉಂಟಾದ ನಡುಗಡ್ಡೆಗಳು ಅವು. ಮರಗಳ ಮೇಲೆ ಬಾಯ್ಕಳಕ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ, ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ ಮೊದಲಾದವು ಗುಂಪುಗುಂಪಾಗಿ ಗೂಡು ಕಟ್ಟುತ್ತಿದ್ದವು. ಸುತ್ತಲಿನ ರೈತರು ಅವುಗಳನ್ನು ನಿತ್ಯವೂ ನೋಡುತ್ತಿದ್ದರು, ನೋಡಿ ಸುಮ್ಮನಾಗುತ್ತಿದ್ದರು. ಇದು ಹಕ್ಕಿಗಳ ಮುಖ್ಯವಾದ ಹೆರಿಗೆಯ ನೆಲೆ, ಇದನ್ನು ಕಾಪಾಡಲೇಬೇಕೆಂದು ಸಲೀಂ ಅಲಿಯವರು ಮೈಸೂರಿನ ಒಡೆಯರಿಗೆ ಮನಗಾಣಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಣೆಯಾಯಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಮೈಸೂರಿನ ಹಕ್ಕಿಗಳನ್ನು ಕುರಿತ ಅವರ ವಿಸ್ತಾರವಾದ ಬರಹಗಳು 1942-43ರ ಸಂಘದ ಪತ್ರಿಕೆಗಳಲ್ಲಿ ಅಚ್ಚಾದವು.

ಇದಕ್ಕೆ ಸ್ವಲ್ಪ ಮುಂಚೆ, 1941ರಲ್ಲಿ, ಭಾರತದ ಹಕ್ಕಿಗಳನ್ನು ಕುರಿತ ಅವರ ಪ್ರಸಿದ್ಧ ಪುಸ್ತಕ ಹೊರಬಂದಿತು. ಅದಕ್ಕೂ ಹಿಂದೆ ಇದ್ದ ಗ್ರಂಥಗಳು ಪಂಡಿತರಿಗೆ ಮೀಸಲಾದ ದೊಡ್ಡ ಸಂಪುಟಗಳು. ಸಲೀಂ ಅಲಿಯವರು ಬರೆದದ್ದು ಹಿತ್ತಲಿನಲ್ಲಿ ಹಕ್ಕಿಯೊಂದನ್ನು ಕಂಡು ಇದಾವುದೆಂದು ಕೇಳುವ ಸಾಮಾನ್ಯನಿಗಾಗಿ. ಹಕ್ಕಿಯ ಗಾತ್ರವನ್ನು ಅವರು ಅಂಗುಲಗಳಲ್ಲಿ ಹೇಳಿ ಬಿಡಲಿಲ್ಲ. ಗುಬ್ಬಿಯಷ್ಟು, ಬುಲ್‌ಬುಲ್‌ನಷ್ಟು, ಮೈನಾದಷ್ಟು, ಕಾಗೆಗಿಂತ ಸ್ವಲ್ಪ ದೊಡ್ಡದು ಎಂದು ಎಲ್ಲರೂ ಬಲ್ಲ ಹಕ್ಕಿಗಳೊಡನೆ ಹೋಲಿಸಿದರು. ಬಣ್ಣದ ಚಿತ್ರಗಳನ್ನು ಕೊಟ್ಟರು. ಹಕ್ಕಿಗಳು ಪೈರಿನ ಹುಳುಗಳನ್ನು ತಿಂದು ರೈತನಿಗೆ ಮಾಡುವ ಸಹಾಯವನ್ನು ತಿಳಿಸಿದರು. ಜನರ ಮನಸ್ಸಿನ ಬಗೆಯನ್ನು ಅವರು ಚೆನ್ನಾಗಿ ಅರಿತಿದ್ದರು. ಹೆಸರು ತಿಳಿಯದ ಹಕ್ಕಿಯ ಅಳಿವಿಗೆ ಯಾರೂ ಮರುಗುವುದಿಲ್ಲ. ಒಬ್ಬ ಮಂತ್ರಿಗೆ ಲಾಭದ ಲೆಕ್ಕ ಹಿಡಿಸೀತು, ಇನ್ನೊಬ್ಬನಿಗೆ ನಾಡಿನ ಹೆಸರು, ಮತ್ತೊಬ್ಬನಿಗೆ ಹಕ್ಕಿಯ ಚೆಲುವು. ಯಾರಿಗೆ ಯಾವ ಮಾತು ನಾಟುವುದೋ ಅದನ್ನೇ ಆಡಲು ಅವರು ಹಿಂಜರಿಯುತ್ತಿರಲಿಲ್ಲ. 1942ರಲ್ಲಿ ಸೆರೆಮನೆಯಲ್ಲಿದ್ದ ಜವಾಹರಲಾಲ್ ನೆಹರೂ ಅವರು, ಬೇರೊಂದು ಸೆರೆಮನೆಯಲ್ಲಿದ್ದ ಮಗಳು ಇಂದಿರಾ ಅವರಿಗೆ ಉಡುಗೊರೆಯಾಗಿ ಕಳುಹಿಸಿದ್ದು ಈ ಪುಸ್ತಕವನ್ನೇ. ಅದರ ಫಲ ಮೂರು ನಾಲ್ಕು ದಶಕಗಳ ಮೇಲೆ ಕಾಣಿಸಿಕೊಂಡಿತು.

ಸ್ವಾತಂತ್ರ್ಯ ಬಂದಾಗ ನಿಸರ್ಗ ಚರಿತ್ರೆ ಸಂಘ ಸಂಕಟಕ್ಕೆ ಸಿಲುಕಿತು. 1883ರಲ್ಲಿ ಹುಟ್ಟಿದ ಆ ಸಂಘದ ಆಧಾರವಾಗಿದ್ದ ಆಂಗ್ಲ ಸದಸ್ಯರು ಸ್ವದೇಶಕ್ಕೆ ಹೊರಟುಹೋದರು. ಸಲೀಂ ಅಲಿಯವರು ಅದರ ಹೊಣೆ ಹೊತ್ತು, ನೆಹರೂ ಅವರಿಗೆ ಪತ್ರ ಬರೆದು ಹಣದ ನೆರವು ಪಡೆದು ಸಂಘವನ್ನು ಉಳಿಸಿಕೊಂಡರು.

ನೆಹರೂ ಅವರ ಬಾಗಿಲನ್ನು ಅವರು ತಟ್ಟಿದ್ದು ಇದೊಂದಕ್ಕಾಗಿ ಅಲ್ಲ. ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ ಘನಾ ಎಂಬ ಜೌಗು ಪ್ರದೇಶವಿದೆ. ಅಜಾನ್ ಕಟ್ಟೆಯ ನೀರನ್ನು ಹರಿಸಿಕೊಂಡು ಭರತಪುರದ ಅರಸರು ಅದನ್ನು ಬಾತುಕೋಳಿಗಳ ಬೇಟೆಗೆಂದೇ ಕಾಪಾಡಿಕೊಂಡಿದ್ದರು. 1938ರಲ್ಲಿ ವೈಸರಾಯ್ ಲಿನ್ಲಿತ್ಗೋ ಅವರ ತಂಡ ಒಂದೇ ದಿನ ಇಲ್ಲಿ 4,273 ಹಕ್ಕಿಗಳನ್ನು ಹೊಡೆದ ದಾಖಲೆಯಿದೆ. ಆ ದಿನ ನವೆಂಬರ್ 12, ಸಲೀಂ ಅಲಿಯವರಿಗೆ ನಲವತ್ತೆರಡು ತುಂಬಿದ ದಿನ. ವಿಚಿತ್ರವೆಂದರೆ ಆ ಬೇಟೆಯ ಶೋಕಿಯೇ ಜೌಗನ್ನು ಉಳಿಸಿತ್ತು. ಅರಸೊತ್ತಿಗೆ ಹೋದೊಡನೆ ಜೌಗನ್ನು ಬತ್ತಿಸಿ ನೀರನ್ನು ಹೊಲಗಳಿಗೆ ಹರಿಸಬೇಕೆಂಬ ಕೂಗೆದ್ದಿತು. ಹಸಿದ ರೈತರ ಬೇಡಿಕೆ ಅದು, ತಳ್ಳಿಹಾಕುವಂತಹದಾಗಿರಲಿಲ್ಲ. ಸಲೀಂ ಅಲಿಯವರು ನೆಹರೂ ಅವರಿಗೆ ಮೊರೆಯಿಟ್ಟು ಜೌಗನ್ನು ಉಳಿಸಿದರು. ಮುಂದೆ ಅದು ಪಕ್ಷಿಧಾಮವಾಗಿ, 1982ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1985ರಲ್ಲಿ ವಿಶ್ವ ಪರಂಪರೆಯ ತಾಣವಾಗಿ ಹೆಸರು ಪಡೆಯಿತು.

ಈ ನಡುವೆ ಒಂದು ವಿನೋದದ ಸಂಗತಿಯನ್ನು ಹೇಳಬೇಕು. ಸಣಕಲು ಮೈಯ, ಚೂಪು ಗಡ್ಡದ ಈ ವಿದ್ವಾಂಸರಿಗೆ ಮೋಟಾರ್ ಸೈಕಲ್ಲುಗಳೆಂದರೆ ಪ್ರಾಣ. 1950ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಅಂತರರಾಷ್ಟ್ರೀಯ ಪಕ್ಷಿವಿಜ್ಞಾನ ಸಮ್ಮೇಳನ ನಡೆದಾಗ ತಮ್ಮ ಸನ್‌ಬೀಮ್ ಗಾಡಿಯನ್ನು ಹಡಗಿನಲ್ಲಿ ಸಾಗಿಸಿ, ಯುರೋಪಿನಲ್ಲೆಲ್ಲ ಅದರ ಮೇಲೆಯೇ ಸುತ್ತಿದರು. ಜರ್ಮನಿಯ ಕಲ್ಲುಹಾಸಿನ ರಸ್ತೆಗಳಲ್ಲಿ ಹಲವು ಬಾರಿ ಬಿದ್ದರು. ಗಂಟುಮೂಟೆ ಹೇರಿದ ಗಾಡಿಯಲ್ಲಿ ಅವರು ಉಪ್ಸಾಲಕ್ಕೆ ಬಂದಿಳಿದಾಗ, ಭಾರತದಿಂದಲೇ ಹೀಗೆ ಸವಾರಿ ಮಾಡಿಕೊಂಡು ಬಂದಿದ್ದಾರೆಂದು ಸುದ್ದಿ ಹಬ್ಬಿತಂತೆ. ಆಗ ಅವರಿಗೆ ಐವತ್ತಮೂರು ವರ್ಷ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಮನುಷ್ಯರಿಗೂ ಜ್ವರ ತಗುಲಿತು. ಮಂಗನ ಕಾಯಿಲೆ ಎಂದು ಜನ ಕರೆದ ಈ ರೋಗದ ವೈರಸ್ಸನ್ನು ಹರಡುವುದು ಉಣುಗುಗಳೆಂದು ತಿಳಿದುಬಂತು. ಆದರೆ ಆ ವೈರಸ್ಸು ರಷ್ಯಾದಲ್ಲಿ ಕಂಡ ರೋಗವೊಂದರ ವೈರಸ್ಸಿಗೆ ಬಹಳ ಹತ್ತಿರದ್ದು. ಸೈಬೀರಿಯದ ಕಡೆಯಿಂದ ಬರುವ ವಲಸೆ ಹಕ್ಕಿಗಳೇ ಉಣುಗುಗಳನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಅದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಿಸರ್ಗ ಚರಿತ್ರೆ ಸಂಘವು ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ಕೆ ತೊಡಗಿತು. ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಗಳಲ್ಲಿ ಹಕ್ಕಿಗಳನ್ನು ಹಿಡಿದು, ಮೈಮೇಲಿನ ಉಣುಗುಗಳನ್ನು ಆರಿಸಿ, ಕಾಲಿಗೆ ಸಂಖ್ಯೆಯೊತ್ತಿದ ಹಗುರವಾದ ಲೋಹದ ಉಂಗುರ ತೊಡಿಸಿ ಹಾರಿಬಿಡುವುದು ಅದರ ರೀತಿ. ಹಕ್ಕಿಗಳ ಮೇಲಿನ ಶಂಕೆ ಸಾಬೀತಾಗಲಿಲ್ಲ. ಆದರೆ ಭಾರತದ ಬಾತುಗಳೂ ಗದ್ದೆಗೊರವಗಳೂ ಬೇಸಗೆಯನ್ನು ಎಲ್ಲಿ ಕಳೆಯುತ್ತವೆಂಬ ಹಳೆಯ ಪ್ರಶ್ನೆಗೆ ಉತ್ತರ ದೊರೆಯತೊಡಗಿತು. ಮಲೆನಾಡಿನ ಒಂದು ಕಾಯಿಲೆ ಹಕ್ಕಿಗಳ ದಾರಿಯ ನಕ್ಷೆಗೆ ಹೀಗೆ ಕಾರಣವಾಯಿತು.

ಅರುವತ್ತೆಂಟರ ವಯಸ್ಸಿನಲ್ಲಿ ಅವರು ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿದರು. ಅಮೆರಿಕದ ಪಕ್ಷಿವಿಜ್ಞಾನಿ ಸಿಡ್ನಿ ಡಿಲನ್ ರಿಪ್ಲೆ ಅವರೊಡನೆ 1964ರಲ್ಲಿ ಆರಂಭಿಸಿದ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಕೈಪಿಡಿ ಹತ್ತು ಸಂಪುಟಗಳಲ್ಲಿ 1974ಕ್ಕೆ ಮುಗಿಯಿತು. ಕೈಪಿಡಿಯೆಂದು ಹೆಸರು, ಹೊರಲು ಎರಡು ಕೈ ಸಾಲವು. ಉಪಖಂಡದ ಪ್ರತಿಯೊಂದು ಹಕ್ಕಿಯ ರೂಪ, ನೆಲೆ, ಆಹಾರ, ಗೂಡು, ವಲಸೆಗಳ ವಿವರ ಅದರಲ್ಲಿದೆ.

ಎಂಬತ್ತು ದಾಟಿದ ಮೇಲೂ ಅವರಿಗೆ ವಿಶ್ರಾಂತಿಯಿರಲಿಲ್ಲ. ಕೇರಳದ ಸೈಲೆಂಟ್ ವ್ಯಾಲಿ ಕಣಿವೆಯಲ್ಲಿ ಕುಂತಿಪುಳ ನದಿಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ, ಸಿಂಗಳೀಕಗಳು ವಾಸಿಸುವ ಆ ಮಳೆಕಾಡು ಮುಳುಗಬಾರದೆಂದು ಕೇರಳದ ಶಿಕ್ಷಕರೂ ಕವಿಗಳೂ ವಿಜ್ಞಾನಿಗಳೂ ಚಳವಳಿ ಹೂಡಿದರು. ಸಲೀಂ ಅಲಿಯವರು ಅದಕ್ಕೆ ದನಿಗೂಡಿಸಿದರು. ಸೆರೆಮನೆಯಲ್ಲಿ ಅವರ ಪುಸ್ತಕ ಓದಿದ್ದ ಇಂದಿರಾ ಗಾಂಧಿಯವರು ಆಗ ಪ್ರಧಾನಿ. ಯೋಜನೆ ನಿಂತಿತು. 1984ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು.

ಎಲ್ಲವೂ ಹೀಗೆಯೇ ಸುಖಾಂತವಾಗಲಿಲ್ಲ. ಭರತಪುರದ ಕಥೆಗೆ ಇನ್ನೊಂದು ಅಧ್ಯಾಯವಿದೆ. ಅಲ್ಲಿನ ಜೌಗಿನಲ್ಲಿ ಸುತ್ತಲಿನ ಹಳ್ಳಿಗಳ ಎಮ್ಮೆಗಳು ತಲೆತಲಾಂತರದಿಂದ ಮೇಯುತ್ತಿದ್ದವು. ಅವುಗಳಿಂದ ಹಕ್ಕಿಗಳಿಗೆ ಹಾನಿಯೆಂದು ಸಂರಕ್ಷಕರು ನಂಬಿದ್ದರು. ಸಲೀಂ ಅಲಿಯವರ ನಿಲುವೂ ಅದೇ ಆಗಿತ್ತು. 1982ರ ನವೆಂಬರಿನಲ್ಲಿ ಮೇವನ್ನು ನಿಷೇಧಿಸಲಾಯಿತು. ಪರ್ಯಾಯ ವ್ಯವಸ್ಥೆಯಿಲ್ಲದ ಹಳ್ಳಿಗರು ಸಿಟ್ಟಿಗೆದ್ದರು. ಪೋಲೀಸರ ಗುಂಡಿಗೆ ಹಲವರು ಬಲಿಯಾದರು. ಹಕ್ಕಿಗಳಿಗಾಗಿ ಬೇಲಿ ಹಾಕುವವರು ಬೇಲಿಯ ಹೊರಗಿನ ಮನೆಯ ಒಲೆಯನ್ನೂ ನೆನೆಯಬೇಕಾಗಿತ್ತು. ನೆನೆಯದ ತಪ್ಪಿಗೆ ಬೆಲೆ ತೆತ್ತವರು ಬಡವರು.

ಆದರೆ ಇದೇ ಜೌಗಿನಲ್ಲಿ 1980ರಿಂದ ಸಲೀಂ ಅಲಿಯವರ ಸಂಘದ ವಿಜ್ಞಾನಿಗಳೇ ದೀರ್ಘವಾದ ಅಧ್ಯಯನವೊಂದನ್ನು ನಡೆಸುತ್ತಿದ್ದರು. ಎಮ್ಮೆಗಳು ಹೋದ ಮೇಲೆ ನೀರಿನಲ್ಲಿ ಒಂದು ಬಗೆಯ ಹುಲ್ಲು ಮಿತಿಮೀರಿ ಬೆಳೆದು ಕೆರೆಗಳನ್ನು ಮುಚ್ಚಿಬಿಟ್ಟಿತು. ಬಾತುಗಳಿಗೆ ಈಜಲು ಬಯಲು ನೀರಿಲ್ಲ, ಮೀನುಗಳಿಗೆ ಎಡೆಯಿಲ್ಲ. ಹಕ್ಕಿಗಳ ಸಂಖ್ಯೆ ಏರುವ ಬದಲು ಕುಗ್ಗಿತು. ಎಮ್ಮೆಗಳು ಆ ಜೌಗಿನ ಶತ್ರುಗಳಾಗಿರಲಿಲ್ಲ, ಅದನ್ನು ಸಮತೋಲದಲ್ಲಿಟ್ಟ ಕೆಲಸಗಾರರಾಗಿದ್ದವು. ಈ ತೀರ್ಮಾನವನ್ನು ಒಳಗೊಂಡ ವರದಿ 1991ರಲ್ಲಿ ಸಿದ್ಧವಾಗುವ ಹೊತ್ತಿಗೆ ಸಲೀಂ ಅಲಿಯವರು ಇರಲಿಲ್ಲ. ಸಂಘದ ಹಿರಿಯರ ನಂಬಿಕೆಗೆ ವಿರುದ್ಧವಾದ ಫಲಿತಾಂಶವನ್ನು ಸಂಘದವರೇ ಮುಚ್ಚಿಡದೆ ಹೊರಗಿಟ್ಟರು. ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆದಿಡಬೇಕೆಂಬ ಪಾಠವನ್ನು ಅವರು ಕಲಿತದ್ದು ಅವರಿಂದಲೇ.

ಗೌರವಗಳು ತಡವಾಗಿ ಬಂದರೂ ಧಾರಾಳವಾಗಿ ಬಂದವು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. 1967ರಲ್ಲಿ ಬ್ರಿಟಿಷ್ ಪಕ್ಷಿವಿಜ್ಞಾನಿಗಳ ಒಕ್ಕೂಟದ ಚಿನ್ನದ ಪದಕ ಬ್ರಿಟಿಷರಲ್ಲದವರೊಬ್ಬರಿಗೆ ಮೊದಲ ಬಾರಿಗೆ ಸಂದಿತು. ಪದವಿಯಿಲ್ಲದವರಿಗೆ ಅಲಿಗಢ, ದೆಹಲಿ, ಆಂಧ್ರ ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿದವು. 1982ರಲ್ಲಿ ಸರಕಾರ ಅವರನ್ನು ಪಕ್ಷಿವಿಜ್ಞಾನದ ರಾಷ್ಟ್ರೀಯ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ವನ್ಯಜೀವಿ ಸಂರಕ್ಷಣೆಗಾಗಿ ದೊರೆತ ಪಾಲ್ ಗೆಟ್ಟಿ ಪ್ರಶಸ್ತಿಯ ದೊಡ್ಡ ಮೊತ್ತವನ್ನು ಅವರು ತಮಗಾಗಿ ಇಟ್ಟುಕೊಳ್ಳದೆ ನಿಸರ್ಗ ಸಂರಕ್ಷಣೆಯ ನಿಧಿಯೊಂದಕ್ಕೆ ಮೂಲಧನವಾಗಿ ಕೊಟ್ಟರು. 1985ರಲ್ಲಿ ಪ್ರಕಟವಾದ ಆತ್ಮಕಥೆಯ ಹೆಸರಿನಲ್ಲಿ ಅವರು ನೆನೆದದ್ದು ಬಾಲ್ಯದಲ್ಲಿ ಬಂದೂಕಿಗೆ ಬಿದ್ದ ಗುಬ್ಬಿಯನ್ನು.

ಅವರಿಗೆ ದೊರೆಯದ ಹಕ್ಕಿಗಳೂ ಇದ್ದವು. ಎಷ್ಟೋ ವರ್ಷ ಕಾಣದಿದ್ದ ಒಂದು ಬಗೆಯ ಗೀಜಗವನ್ನು ಕುಮಾವೂನಿನ ತಪ್ಪಲಿನಲ್ಲಿ ಅವರು ಮತ್ತೆ ಪತ್ತೆಹಚ್ಚಿದರು. ಆದರೆ 1876ರ ಬಳಿಕ ಯಾರ ಕೈಗೂ ಸಿಗದ ಹಿಮಾಲಯದ ಬೆಟ್ಟದ ಲಾವಕ್ಕಿಗಾಗಿ ನಡೆಸಿದ ಹುಡುಕಾಟ ಫಲಿಸಲಿಲ್ಲ. 1900ರಿಂದ ಕಾಣೆಯಾಗಿದ್ದ ಜೆರ್ಡಾನನ ಓಟದ ಹಕ್ಕಿಯನ್ನು 1986ರಲ್ಲಿ ಸಂಘದ ತರುಣ ಸಂಶೋಧಕರು ಆಂಧ್ರಪ್ರದೇಶದ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಮತ್ತೆ ಕಂಡಾಗ ಅವರು ತೊಂಬತ್ತರ ಹೊಸ್ತಿಲಲ್ಲಿದ್ದರು.

ದೀರ್ಘಕಾಲದ ಅಸ್ವಾಸ್ಥ್ಯದ ಬಳಿಕ 1987ರಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಸಲೀಂ ಅಲಿಯವರು ಮುಂಬಯಿಯಲ್ಲಿ ನಿಧನರಾದರು. 1990ರಲ್ಲಿ ಕೊಯಮತ್ತೂರಿನಲ್ಲಿ ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ ಸ್ಥಾಪನೆಯಾಯಿತು. 2009ರಲ್ಲಿ ಪೂರ್ವ ಹಿಮಾಲಯದ ಕಾಡುಗಳಲ್ಲಿ ಸಂಶೋಧಕರು ಒಂದು ಸಿಳ್ಳಾರ ಹಕ್ಕಿಯ ದನಿ ಅದರ ಜಾತಿಯದೆಂದು ತಿಳಿದಿದ್ದ ಇತರ ಹಕ್ಕಿಗಳ ದನಿಗಿಂತ ಇಂಪಾಗಿರುವುದನ್ನು ಗಮನಿಸಿದರು. ಪರೀಕ್ಷಿಸಿ ನೋಡಿದಾಗ ಅದು ಬೇರೆಯೇ ಜಾತಿಯೆಂದು ಖಚಿತವಾಯಿತು. ಅದರ ಶಾಸ್ತ್ರೀಯ ನಾಮ ಝೂಥೆರಾ ಸಲೀಮಾಲಿಯೈ.